ಗಂಧದ ಮರದ ರಸ ಮತ್ತು ಜಿಗಿಹುಳು: ಸ್ಪೈಕ್ ರೋಗದ ಶೋಧನೆಯ ಇತಿಹಾಸ

೧

ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯು ನಾರದಮುನಿಯ ದೇವಸ್ಥಾನದಿಂದ ಹೆಸರಾದ ಊರು. ಅದರ ಸುತ್ತಣ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಪ್ರದೇಶಗಳೆಲ್ಲವೂ ಮಳೆ ಕಡಿಮೆಯಾದ ಬಯಲುಸೀಮೆ. ಈ ಸೀಮೆಯಲ್ಲಿ ಹತ್ತಿ ಬೆಳೆದ ಯಾವ ರೈತನಿಗೂ ಜಿಗಿಹುಳು ಅಪರಿಚಿತವಲ್ಲ. ಎಲೆಯ ಅಡಿಯಲ್ಲಿ ಕುಳಿತು, ಕೈ ತಗುಲಿದೊಡನೆ ಅಡ್ಡಡ್ಡಲಾಗಿ ಸರಿದು ಜಿಗಿಯುವ ಈ ಸಣ್ಣ ಕೀಟವು ಎಲೆಯ ರಸವನ್ನು ಹೀರುತ್ತದೆ. ಎಲೆಯ ಅಂಚು ಮುದುರಿ, ಹಳದಿಗೆ ತಿರುಗಿ, ಕೊನೆಗೆ ಕೆಂಪೇರಿ ಸುಟ್ಟಂತಾಗುತ್ತದೆ. ಹಾನಿಯನ್ನೂ ಹಾನಿ ಮಾಡಿದ ಹುಳುವನ್ನೂ ರೈತನು ಒಂದೇ ಎಲೆಯ ಮೇಲೆ ನೋಡಬಲ್ಲನು.

ಇದೇ ವರ್ಗಕ್ಕೆ ಸೇರಿದ ಕೀಟಗಳು ಶ್ರೀಗಂಧದ ಮರದ ರಸವನ್ನು ಹೀರಿದಾಗ ಸಂಗತಿ ಬೇರೆಯಾಗುತ್ತದೆ. ಅವು ಕುಡಿಯುವ ರಸದ ಪ್ರಮಾಣದಿಂದ ಮರಕ್ಕೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಆದರೆ ಕೀಟವು ಮರವನ್ನು ಬಿಟ್ಟುಹೋಗಿ ತಿಂಗಳುಗಳು ಕಳೆದ ಮೇಲೆ ಆ ಮರದಲ್ಲಿ ಮಾರಕವಾದ ರೋಗವೊಂದು ತಲೆದೋರಬಹುದು. ಇಂಗ್ಲಿಷಿನಲ್ಲಿ 'ಸ್ಪೈಕ್' ಎಂದು ಕರೆಯಲ್ಪಟ್ಟು, ಕನ್ನಡದಲ್ಲಿಯೂ ಆ ಹೆಸರಿನಿಂದಲೇ ರೂಢಿಯಾಗಿರುವ ಈ ರೋಗಕ್ಕೆ ಕಾರಣವೇನೆಂಬುದನ್ನು ತಿಳಿಯಲು ಮೈಸೂರು, ಕೊಡಗು, ಮದರಾಸುಗಳ ಅಧಿಕಾರಿಗಳೂ ವಿಜ್ಞಾನಿಗಳೂ ಸುಮಾರು ಎಪ್ಪತ್ತು ವರ್ಷ ಶ್ರಮಿಸಿದರು. ಈ ಲೇಖನದಲ್ಲಿ ನಾವು ಆ ಶೋಧನೆಯ ಇತಿಹಾಸವನ್ನು ಕ್ರಮವಾಗಿ ಪರಿಶೀಲಿಸಿ, ಅದಕ್ಕೆ ಅಷ್ಟು ದೀರ್ಘಕಾಲ ಹಿಡಿದುದೇಕೆ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತೇವೆ.

ಆಡಳಿತದ ಗಡಿಗಳ ವಿಷಯವನ್ನು ಇಲ್ಲಿಯೇ ನೆನಪಿಸುವುದು ಉಚಿತ. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಮೇಲ್ಕಂಡ ತಾಲ್ಲೂಕುಗಳು ೧೯೫೩ರ ವರೆಗೆ ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದ ಬಳ್ಳಾರಿ ಜಿಲ್ಲೆಯ ಭಾಗಗಳಾಗಿದ್ದುವು. ಅವುಗಳ ದಕ್ಷಿಣದ ಅಂಚಿನಾಚೆಗೆ ಮೈಸೂರು ಸೀಮೆ. ದಕ್ಷಿಣದ ಗಂಧದ ಕಾಡುಗಳೂ ಹೀಗೆಯೇ ಮೈಸೂರು, ಕೊಡಗು, ಮದರಾಸು ಎಂಬ ಮೂರು ಆಡಳಿತಗಳಲ್ಲಿ ಹಂಚಿಹೋಗಿದ್ದುವು. ಮನುಷ್ಯರು ಎಳೆದ ಈ ಗೆರೆಗಳನ್ನು ಕೀಟಗಳಾಗಲಿ ರೋಗವಾಗಲಿ ಲಕ್ಷಿಸಲಿಲ್ಲವೆಂಬುದು ಮುಂದಿನ ಕಥನದಿಂದ ತಿಳಿದುಬರುತ್ತದೆ.

೨

ಮೊದಲು ಮರದ ವಿಷಯ. ಗಂಧವು ತಾನೇ ಒಂದು ರಸ ಹೀರುವ ಮರ. ಹಸುರೆಲೆಗಳಿರುವುದರಿಂದ ತನ್ನ ಆಹಾರವನ್ನು ತಾನು ತಯಾರಿಸಿಕೊಳ್ಳಬಲ್ಲುದಾದರೂ, ನೀರಿಗೂ ಲವಣಗಳಿಗೂ ಅದು ನೆರೆಯ ಗಿಡಮರಗಳನ್ನು ಅವಲಂಬಿಸುತ್ತದೆ. ಅದರ ಬೇರುಗಳಲ್ಲಿ ಹುಟ್ಟುವ ಹೀರುಬೇರುಗಳು ಇತರ ಸಸ್ಯಗಳ ಬೇರುಗಳನ್ನು ಅಪ್ಪಿ, ಒಳಹೊಕ್ಕು, ರಸವನ್ನು ಸೆಳೆಯುತ್ತವೆ. ಈ ಸಂಗತಿಯನ್ನು ೧೮೭೧ರಲ್ಲಿ ಜಾನ್ ಸ್ಕಾಟ್ ಎಂಬ ಸಸ್ಯವಿಜ್ಞಾನಿ ಪ್ರಕಟಿಸಿದನು. ಮದರಾಸು ಸರ್ಕಾರದ ಸಸ್ಯವಿಜ್ಞಾನಿಯಾಗಿದ್ದ ಸಿ. ಎ. ಬಾರ್ಬರ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಈ ಹೀರುಬೇರುಗಳ ರಚನೆಯನ್ನು ಕೂಲಂಕಷವಾಗಿ ವಿವರಿಸಿದನು. ಆದುದರಿಂದ ಕಾಡಿನಲ್ಲಿ ನಿಂತ ಗಂಧದ ಮರವನ್ನು ಒಂಟಿ ಮರವೆಂದು ಭಾವಿಸುವುದು ಸರಿಯಲ್ಲ. ನೆಲದೊಳಗೆ ಅದು ಹಲವು ಸಸ್ಯಗಳೊಡನೆ ಬೆಸೆದುಕೊಂಡಿರುತ್ತದೆ.

ಎರಡನೆಯದು ರಾಜ್ಯದ ವಿಷಯ. ೧೭೯೨ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದನು. ಮುಂದೆ ಬಂದ ಮೈಸೂರಿನ ಸರ್ಕಾರಗಳೂ ಅದೇ ಪದ್ಧತಿಯನ್ನು ಮುಂದುವರಿಸಿದುವು. ಮರ ಯಾರ ಹೊಲದಲ್ಲಿ ಹುಟ್ಟಿದರೂ ಅದರ ಒಡೆತನ ಸರ್ಕಾರದ್ದು. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಗಂಧದ ಹೆಚ್ಚಿನ ಪಾಲು ಹರಾಜಿನಲ್ಲಿ ಮಾರಾಟವಾಗಿ ಎಣ್ಣೆ ತೆಗೆಯುವುದಕ್ಕಾಗಿ ಜರ್ಮನಿಗೆ ಹೋಗುತ್ತಿತ್ತು. ಯುದ್ಧದಿಂದ ಆ ವ್ಯಾಪಾರ ನಿಂತುಹೋಗಲು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದ ಪ್ರಯೋಗಗಳ ಫಲವಾಗಿ ೧೯೧೬ರಲ್ಲಿ ಬೆಂಗಳೂರಿನಲ್ಲಿಯೂ, ಅನಂತರ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ಸ್ಥಾಪಿತವಾದುವು. ಸಂಸ್ಥಾನದ ಬೊಕ್ಕಸವೂ ಹೊಸ ಕೈಗಾರಿಕೆಯೂ ಒಂದೇ ಮರವನ್ನು ನೆಚ್ಚಿಕೊಂಡವು. ಆ ಮರಕ್ಕೆ ರೋಗ ತಗುಲಿದುದು ಇಂಥ ಕಾಲದಲ್ಲಿ.

೩

ರೋಗವನ್ನು ಮೊದಲು ಗುರುತಿಸಿದವನು ಕೊಡಗಿನ ಅರಣ್ಯಾಧಿಕಾರಿ ಮೆಕಾರ್ಥಿ. ಕಾಲ ೧೮೯೯ರ ಸುಮಾರು. ಅಂದು ಫ್ರೇಜರ್‌ಪೇಟೆ ಎನಿಸಿಕೊಂಡಿದ್ದ ಇಂದಿನ ಕುಶಾಲನಗರದ ಸುತ್ತಣ ಕಾಡುಗಳು ಈ ಇತಿಹಾಸದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ರೋಗ ತಗುಲಿದ ಮರದಲ್ಲಿ ಹೊಸ ಎಲೆಗಳು ಬರಬರುತ್ತ ಚಿಕ್ಕವೂ ಕಿರಿದಾದವೂ ಆಗುತ್ತವೆ. ಗೆಣ್ಣುಗಳ ನಡುವಣ ಅಂತರ ಕುಗ್ಗುತ್ತದೆ. ಬಾಗಿ ತೂಗಬೇಕಾದ ಎಲೆಗಳು ಕಡ್ಡಿಯ ಸುತ್ತ ಮೊಳೆಗಳಂತೆ ಸೆಟೆದು ನಿಲ್ಲುತ್ತವೆ. 'ಸ್ಪೈಕ್' ಎಂಬ ಹೆಸರು ಬಂದುದು ಈ ರೂಪದಿಂದಲೇ. ಹೂ ಕಾಯಿಗಳು ನಿಂತುಹೋಗುತ್ತವೆ, ಹೀರುಬೇರುಗಳು ಸಾಯುತ್ತವೆ. ಲಕ್ಷಣಗಳು ಪೂರ್ಣವಾಗಿ ತೋರಿದ ಮೇಲೆ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷಗಳೊಳಗೆ ಮರ ಒಣಗುತ್ತದೆ.

೧೯೦೩ರಲ್ಲಿ ಬಾರ್ಬರ್ ಮತ್ತು ಇ. ಜೆ. ಬಟ್ಲರ್ ಇವರ ವರದಿಗಳು ಪ್ರಕಟವಾದುವು. ಬಟ್ಲರ್ ಮುಂದೆ ಭಾರತದ ಶಿಲೀಂಧ್ರವಿಜ್ಞಾನಕ್ಕೆ ತಳಹದಿ ಹಾಕಿದ ವಿದ್ವಾಂಸ. ಸಸ್ಯರೋಗವೆಂದರೆ ಶಿಲೀಂಧ್ರವನ್ನೋ ಬ್ಯಾಕ್ಟೀರಿಯವನ್ನೋ ಸೂಕ್ಷ್ಮದರ್ಶಕದಲ್ಲಿ ಹುಡುಕುವುದು ಆ ಕಾಲದ ಕ್ರಮ. ಗಂಧದ ಮರದಲ್ಲಿ ಅಂಥ ಯಾವ ಜೀವಿಯನ್ನೂ ರೋಗದ ಕಾರಣವೆಂದು ತೋರಿಸಲಾಗಲಿಲ್ಲ. ಇತ್ತ ರೋಗ ಕೊಡಗಿನಿಂದ ಮೈಸೂರು ಸೀಮೆಗೂ ಹಬ್ಬುತ್ತಿತ್ತು. ೧೯೦೭ರಲ್ಲಿ ಮೈಸೂರು ಸರ್ಕಾರವು ರೋಗದ ಕಾರಣವನ್ನೂ ಪರಿಹಾರವನ್ನೂ ಕಂಡುಹಿಡಿದವರಿಗೆ ೧೦,೦೦೦ ರೂಪಾಯಿಗಳ ಬಹುಮಾನವನ್ನು ಘೋಷಿಸಿತು. ಅಂದಿನ ಕಾಲಕ್ಕೆ ಅದು ಸಾಮಾನ್ಯ ಮೊತ್ತವಲ್ಲ.

ಈ ಬಹುಮಾನದ ಹಿಂದಿರುವ ಭಾವನೆಯನ್ನು ಗಮನಿಸಬೇಕು. ರೋಗಕ್ಕೆ ಒಂದು ಕಾರಣವಿದೆ, ಅದನ್ನು ಒಬ್ಬ ಜಾಣನು ಕಂಡುಹಿಡಿಯುವನು, ಕಾರಣ ತಿಳಿದೊಡನೆ ಮದ್ದೂ ದೊರೆಯುವುದು ಎಂಬ ನಂಬಿಕೆ ಅದರಲ್ಲಿ ಅಡಗಿದೆ. ಮುಂದಿನ ಎಪ್ಪತ್ತು ವರ್ಷಗಳ ಇತಿಹಾಸವು ಈ ಮೂರು ನಂಬಿಕೆಗಳನ್ನೂ ಒಂದೊಂದಾಗಿ ಸುಳ್ಳುಮಾಡಿತೆಂದು ನಾವು ಭಾವಿಸುತ್ತೇವೆ.

೪

ಕಾರಣಗಳ ಬಗೆಗೆ ವಾದಗಳಿಗೆ ಕೊರತೆಯಿರಲಿಲ್ಲ. ಬರಗಾಲ, ಕಾಳ್ಗಿಚ್ಚು, ಆಸರೆ ಗಿಡಗಳ ನಾಶ ಇವು ಒಂದೊಂದೂ ಕಾರಣವೆಂದು ಸೂಚಿತವಾದುವು. ಆಗತಾನೇ ಕೊಡಗು ಮೈಸೂರುಗಳ ಕಾಡುಗಳನ್ನು ಆವರಿಸುತ್ತಿದ್ದ ಲಾಂಟಾನ ಗಿಡದ ಮೇಲೆಯೂ ಗುಮಾನಿ ಬಿತ್ತು. ಆರ್. ಎಸ್. ಹೋಲ್ ಎಂಬ ಅರಣ್ಯ ಸಸ್ಯವಿಜ್ಞಾನಿ ೧೯೧೭ರ ಸುಮಾರಿನಲ್ಲಿ, ಮರದೊಳಗಣ ರಸಸಂಚಾರದ ಸಮತೋಲ ಕೆಡುವುದೇ ಸ್ಪೈಕಿಗೆ ಮೂಲವೆಂದು ವಾದಿಸಿದನು. ಮೇಲ್ನೋಟಕ್ಕೆ ಈ ವಾದಕ್ಕೆ ಬಲವಿತ್ತು. ರೋಗಿಷ್ಠ ಮರದ ಎಲೆಗಳಲ್ಲಿ ಪಿಷ್ಟವು ಅತಿಯಾಗಿ ಶೇಖರವಾಗುತ್ತಿತ್ತು. ಎಲೆಯಲ್ಲಿ ತಯಾರಾದ ಆಹಾರವು ಕೆಳಗಿಳಿದು ಬೇರನ್ನು ಸೇರುತ್ತಿಲ್ಲವೆಂಬುದಕ್ಕೆ ಅದು ಗುರುತು.

ಅದೇ ೧೯೧೭ರಲ್ಲಿ ಲೆಸ್ಲಿ ಕೋಲ್ಮನ್‌ರ ಪುಸ್ತಿಕೆ ಮೈಸೂರಿನ ವ್ಯವಸಾಯ ಇಲಾಖೆಯಿಂದ ಹೊರಬಂದಿತು. ಕೆನಡಾ ದೇಶದವರಾದ ಕೋಲ್ಮನ್ ೧೯೦೮ರಲ್ಲಿ ಮೈಸೂರಿಗೆ ಶಿಲೀಂಧ್ರವಿಜ್ಞಾನಿಯಾಗಿಯೂ ಕೀಟವಿಜ್ಞಾನಿಯಾಗಿಯೂ ಬಂದವರು. ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪರಣೆಯನ್ನು ರೂಢಿಗೆ ತಂದವರು. ಗಂಧದ ವಿಷಯದಲ್ಲಿ ಅವರು ಮಾಡಿದ ಪ್ರಯೋಗ ಸರಳವಾದುದು. ರೋಗಿಷ್ಠ ಮರದ ಕಡ್ಡಿಯನ್ನು ಆರೋಗ್ಯವಾದ ಗಿಡಕ್ಕೆ ಕಸಿ ಕಟ್ಟಿದರು. ಕಸಿ ಹಿಡಿದ ಗಿಡಗಳಲ್ಲಿ ಕೆಲಕಾಲದ ಮೇಲೆ ಸ್ಪೈಕ್ ಕಾಣಿಸಿಕೊಂಡಿತು. ಇದರಿಂದ ಎರಡು ಸಂಗತಿಗಳು ಸ್ಪಷ್ಟವಾದುವು. ಮೊದಲನೆಯದಾಗಿ, ಸ್ಪೈಕ್ ಬರಗಾಲದ ಬಾಧೆಯಲ್ಲ, ಅಂಟುವ ರೋಗ. ಎರಡನೆಯದಾಗಿ, ಅಂಟುವ ವಸ್ತು ಏನೇ ಆಗಿರಲಿ, ಅದು ಮರದ ಜೀವಂತ ಊತಕದಲ್ಲಿದ್ದು ಕಸಿಯ ಬೆಸುಗೆಯ ಮೂಲಕ ದಾಟುತ್ತದೆ.

ಹೋಲ್ ಮತ್ತು ಕೋಲ್ಮನ್ ಇವರ ಅಭಿಪ್ರಾಯಗಳು ಪರಸ್ಪರ ವಿರುದ್ಧವೆಂದು ಅಂದಿನವರು ಎಣಿಸಿದುದು ಸಹಜ. ಇಂದಿನ ತಿಳಿವಿನಿಂದ ನೋಡಿದರೆ, ಹೋಲ್ ಕಂಡುದು ಕಾರ್ಯವನ್ನು, ಕೋಲ್ಮನ್ ಮುಟ್ಟಿದುದು ಕಾರಣವನ್ನು. ರಸಸಂಚಾರ ಕೆಟ್ಟುದು ನಿಜ. ಅದು ಕೆಟ್ಟುದು ರೋಗಾಣುವಿನಿಂದ. ಇಬ್ಬರ ಸಾಕ್ಷ್ಯಗಳನ್ನೂ ಕೂಡಿಸಿ ಓದುವುದು ಅಂದು ಸಾಧ್ಯವಾಗಲಿಲ್ಲ. ಏಕೆಂದರೆ ರಸನಾಳದೊಳಗೆ ವಾಸಿಸುವ ಅಂಥ ರೋಗಾಣುವಿನ ಕಲ್ಪನೆಯೇ ಆಗ ವಿಜ್ಞಾನದಲ್ಲಿ ಇರಲಿಲ್ಲ.

೫

ಕಸಿಯಿಂದ ರೋಗ ದಾಟುವುದೇನೋ ಸರಿ. ಆದರೆ ಕಾಡಿನಲ್ಲಿ ಕಸಿ ಕಟ್ಟುವವರು ಯಾರು? ಒಂದು ಮರದಿಂದ ದೂರದ ಮತ್ತೊಂದು ಮರಕ್ಕೆ ರಸದ ಅಂಶವನ್ನು ಒಯ್ಯುವ ಸಾಧನವೊಂದು ಇರಲೇಬೇಕು. ರಸ ಕುಡಿಯುವ ಕೀಟಗಳ ಕಡೆಗೆ ದೃಷ್ಟಿ ತಿರುಗಿದುದು ಹೀಗೆ. ಇದಕ್ಕೆ ಹೊರನಾಡಿನ ಪ್ರೇರಣೆಯೂ ಇತ್ತು. ಅಮೆರಿಕದಲ್ಲಿ ಪೀಚ್ ಮರಗಳ ಹಳದಿ ರೋಗವು ಕಸಿಯಿಂದ ಅಂಟುವುದೆಂದು ಅರ್ವಿನ್ ಸ್ಮಿತ್ ೧೮೮೦ರ ದಶಕದಲ್ಲಿಯೇ ತೋರಿಸಿದ್ದನು. ಆಸ್ಟರ್ ಗಿಡದ ಹಳದಿ ರೋಗವನ್ನು ಒಂದು ಜಿಗಿಹುಳು ಹರಡುತ್ತದೆಂದು ಎಲ್. ಒ. ಕುಂಕೆಲ್ ೧೯೨೦ರ ದಶಕದಲ್ಲಿಯೂ, ಪೀಚ್ ರೋಗಕ್ಕೂ ಒಂದು ಜಿಗಿಹುಳುವೇ ವಾಹಕವೆಂದು ಅವನೇ ೧೯೩೩ರಲ್ಲಿಯೂ ಸ್ಥಾಪಿಸಿದನು.

ಇಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾತ್ರವನ್ನು ವಿಶೇಷವಾಗಿ ಹೇಳಬೇಕು. ಆ ಸಂಸ್ಥೆಗೆ ಮರದ ರಸವನ್ನು ಕುಡಿಯುವ ಕೀಟಗಳ ಪರಿಚಯ ಮೊದಲೇ ಇತ್ತು. ೧೯೨೦ರ ದಶಕದ ಆರಂಭದಲ್ಲಿ ಗಿಲ್ಬರ್ಟ್ ಫೌಲರ್ ಮತ್ತು ಎಂ. ಶ್ರೀನಿವಾಸಯ್ಯ ಅಲ್ಲಿ ಅರಗಿನ ಹುಳುವನ್ನು ಕುರಿತು ಕೆಲಸ ಮಾಡಿದ್ದರು. ಮೈಸೂರು ಸೀಮೆಯ ಜಲಾರಿ ಮರವು ಅರಗಿಗೆ ಹೆಸರಾದುದು. ಸಸ್ಯವಿಜ್ಞಾನಿಗಳು ಒಂದು ಕಾಲದಲ್ಲಿ ಅದಕ್ಕೆ 'ಲ್ಯಾಕ್ಸಿಫೆರ', ಎಂದರೆ ಅರಗನ್ನು ಹೊರುವುದು, ಎಂಬ ಹೆಸರನ್ನೇ ಕೊಟ್ಟಿದ್ದರು. ಕೊಂಬೆಗೆ ಕಚ್ಚಿಕೊಂಡು ರಸ ಹೀರುತ್ತ ತನ್ನ ಮೈಯ ಸುತ್ತ ಅರಗನ್ನು ಸುರಿಸುವ ಆ ಹುಳು ಲಾಭದಾಯಕ. ಇದನ್ನು ಅಭ್ಯಾಸ ಮಾಡಿದ ಶ್ರೀನಿವಾಸಯ್ಯನವರೇ ಮುಂದೆ ಗಂಧದ ರೋಗದ ಶೋಧನೆಗೆ ಮುಖ್ಯರಾದರು. ೧೯೨೦ರ ದಶಕದ ಕೊನೆಯಿಂದ ಮೈಸೂರು, ಮದರಾಸು, ಕೊಡಗುಗಳ ಸಹಕಾರದಿಂದ ಕೆಲಸ ಮುಂದುವರಿಯಿತು. ಮೂರು ಆಡಳಿತಗಳು ಒಂದು ಮರದ ಸಲುವಾಗಿ ಕೈಜೋಡಿಸಿದುದು ಸಣ್ಣ ಸಂಗತಿಯಲ್ಲ.

ಕೀಟಗಳ ಸಮೀಕ್ಷೆಯನ್ನು ಡೆಹರಾಡೂನಿನ ಅರಣ್ಯ ಸಂಶೋಧನ ಸಂಸ್ಥೆ ವಹಿಸಿಕೊಂಡಿತು. ಫ್ರೇಜರ್‌ಪೇಟೆಯಲ್ಲಿಯೂ, ಕನ್ನಡ ಮಾತಾಡುವವರೂ ನೆಲೆಸಿರುವ ಉತ್ತರ ಸೇಲಂ ಸೀಮೆಯ ಗಂಧದ ಕಾಡುಗಳಲ್ಲಿಯೂ ಗಂಧದ ಮೇಲೆ ಕಂಡುಬರುವ ಕೀಟಗಳನ್ನು ಸಂಗ್ರಹಿಸಿದರು. ಎನ್. ಸಿ. ಚಟರ್ಜಿ ಮೊದಲಾದವರ ಈ ಅಧ್ಯಯನಗಳು ೧೯೩೦ರ ದಶಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ಭಾಗಗಳಲ್ಲಿ ಅಚ್ಚಾದುವು. ಒಂದೇ ಮರವನ್ನು ಆಶ್ರಯಿಸಿದ ಕೀಟಗಳ ಇಷ್ಟು ವಿಸ್ತಾರವಾದ ಪಟ್ಟಿ ತಯಾರಾದುದಕ್ಕೆ ಮೂಲ ಪ್ರೇರಣೆ ಇದ್ದುದು ಸಂಶಯದಲ್ಲಿ: ಇವುಗಳಲ್ಲಿ ಒಂದು ಹುಳು ರೋಗದ ದೂತ, ಅದು ಯಾವುದು?

ಉತ್ತರ ಹೇಳುವುದು ಸುಲಭವಾಗಿರಲಿಲ್ಲ. ಕೀಟಗಳು ನುಸುಳದಂಥ ಬಲೆಯ ಪಂಜರಗಳಲ್ಲಿ ಗಂಧದ ಗಿಡಗಳನ್ನು ಬೆಳೆಸಬೇಕು, ರೋಗಿಷ್ಠ ಮರದ ರಸವನ್ನು ಕುಡಿದ ಕೀಟಗಳನ್ನು ಅವುಗಳ ಮೇಲೆ ಬಿಡಬೇಕು, ತಿಂಗಳುಗಟ್ಟಲೆ ಕಾಯಬೇಕು. ಗಿಡವು ಮೊದಲೇ ರೋಗವನ್ನು ಗುಪ್ತವಾಗಿ ಹೊತ್ತಿರಬಹುದು. ಕೀಟವು ಪಂಜರದಲ್ಲಿ ಬೇಗ ಸಾಯಬಹುದು. ೧೯೩೫ರಲ್ಲಿ ಎಸ್. ರಂಗಸ್ವಾಮಿ ಮತ್ತು ಶ್ರೀನಿವಾಸಯ್ಯ ಕೀಟದ ಮೂಲಕ ಸ್ಪೈಕ್ ಅಂಟುವುದನ್ನು ಕುರಿತು 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ೧೯೪೧ರಲ್ಲಿ ರಂಗಸ್ವಾಮಿ ಮತ್ತು ಎ. ಎಲ್. ಗ್ರಿಫಿತ್ ಜಾಸಸ್ ಇಂಡಿಕಸ್ ಎಂಬ ಜಿಗಿಹುಳುವನ್ನು ವಾಹಕವೆಂದು ನಿರ್ದಿಷ್ಟವಾಗಿ ಹೆಸರಿಸಿದರು. ಹೀಗೆ ಕಸಿ ಕಟ್ಟಿದ ಮನುಷ್ಯನ ಕೈಗೆ ಪ್ರತಿಯಾಗಿ ಕಾಡಿನಲ್ಲಿ ಕೆಲಸ ಮಾಡುವುದು ಕೀಟದ ಸೂಜಿಬಾಯಿ ಎಂಬುದು ಗೊತ್ತಾಯಿತು.

೬

ದೂತನು ಸಿಕ್ಕಿದನು, ಅವನು ಹೊತ್ತು ತರುತ್ತಿದ್ದ ವಸ್ತು ಮಾತ್ರ ಸಿಕ್ಕಲಿಲ್ಲ. ಕಣ್ಣಿಗೆ ಕಾಣದ ರೋಗಕಾರಕವೆಲ್ಲವೂ ವೈರಸ್ ಎಂದು ಭಾವಿಸುವುದು ಆ ದಶಕಗಳ ವಾಡಿಕೆ. ಸ್ಪೈಕನ್ನೂ ವೈರಸ್ ರೋಗಗಳ ಪಟ್ಟಿಯಲ್ಲಿಯೇ ಸೇರಿಸಿದ್ದರು. ೧೯೬೭ರಲ್ಲಿ ಜಪಾನಿನ ದೋಯಿ ಮತ್ತು ಸಂಗಡಿಗರು ಹಿಪ್ಪುನೇರಳೆಯ ಕುಬ್ಜರೋಗ ಮೊದಲಾದವುಗಳಲ್ಲಿ ವೈರಸ್ಸಿಗೆ ಬದಲಾಗಿ, ಕೋಶಭಿತ್ತಿಯಿಲ್ಲದ ಅತಿಸಣ್ಣ ಬ್ಯಾಕ್ಟೀರಿಯದಂಥ ಜೀವಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡರು. ಎರಡೇ ವರ್ಷಗಳಲ್ಲಿ, ೧೯೬೯ರಲ್ಲಿ, ಭಾರತದ ವರ್ಮ, ಚೆನುಲು, ರಾಯಚೌಧುರಿ ಮೊದಲಾದವರೂ, ಹಾಲೆಂಡಿನ ಡೈಕ್‌ಸ್ಟ್ರ ಮತ್ತು ಸಂಗಡಿಗರೂ, ಹಲ್, ಹಾರ್ನ್, ನಾಯರ್ ಎಂಬವರೂ ಬೇರೆಬೇರೆಯಾಗಿ ಸ್ಪೈಕ್ ತಗುಲಿದ ಗಂಧದಲ್ಲಿ ಅಂಥದೇ ಜೀವಿಗಳಿರುವುದನ್ನು ಪ್ರಕಟಿಸಿದರು. ಇವುಗಳಿಗೆ ೧೯೯೦ರ ದಶಕದಿಂದ ಫೈಟೋಪ್ಲಾಸ್ಮ ಎಂಬ ಹೆಸರು ರೂಢಿಯಲ್ಲಿದೆ.

ಅವುಗಳ ವಾಸ ತೊಗಟೆಯ ಒಳಗಣ ಫ್ಲೋಯಮ್ ಎಂಬ ರಸನಾಳಗಳಲ್ಲಿ. ಎಲೆಯಲ್ಲಿ ತಯಾರಾದ ಸಕ್ಕರೆಯ ರಸ ಹರಿಯುವುದು ಇದೇ ನಾಳಗಳಲ್ಲಿ. ಜಿಗಿಹುಳು ಬಾಯಿ ಚುಚ್ಚುವುದೂ ಇವುಗಳಿಗೇ. ರೋಗಿಷ್ಠ ಮರದ ರಸದೊಡನೆ ರೋಗಾಣು ಕೀಟದ ಹೊಟ್ಟೆಯನ್ನು ಸೇರಿ, ಅದರ ಮೈಯಲ್ಲಿ ವೃದ್ಧಿಯಾಗಿ, ಕೆಲವು ವಾರಗಳಲ್ಲಿ ಜೊಲ್ಲಿನ ಗ್ರಂಥಿಗಳನ್ನು ಮುಟ್ಟುತ್ತದೆ. ಅನಂತರ ಕೀಟವು ಎಲ್ಲಿ ಚುಚ್ಚಿದರೂ ಜೊಲ್ಲಿನೊಡನೆ ರೋಗಾಣು ಹೊಸ ಮರದ ರಸಕ್ಕೆ ಇಳಿಯುತ್ತದೆ. ಹಳೆಯ ಪ್ರಯೋಗಗಳಲ್ಲಿ ಕಂಡ ಅನಿಶ್ಚಯಕ್ಕೂ, ಎಲೆಯಲ್ಲಿ ಪಿಷ್ಟ ತುಂಬಿಕೊಳ್ಳುವುದಕ್ಕೂ, ಕಸಿಯಿಂದ ರೋಗ ದಾಟುವುದಕ್ಕೂ ಹೀಗೆ ಒಂದೇ ವಿವರಣೆ ದೊರೆಯಿತು. ೧೯೭೮ರಲ್ಲಿ ಶಿವರಾಮಕೃಷ್ಣನ್ ಮತ್ತು ಸೆನ್‌ಶರ್ಮ ಮತ್ತೊಂದು ವಾಹಕವನ್ನು ತೋರಿಸಿದರು. ಅದು ನೆಫೊಟೆಟಿಕ್ಸ್ ವೈರೆಸೆನ್ಸ್, ಎಂದರೆ ನಮ್ಮ ಗದ್ದೆಗಳಲ್ಲಿ ಎಲ್ಲರೂ ಕಂಡಿರುವ ಭತ್ತದ ಹಸುರು ಜಿಗಿಹುಳು. ದೂತನು ಒಬ್ಬನೇ ಎಂಬ ಊಹೆಯೂ ಇದರಿಂದ ಬಿದ್ದುಹೋಯಿತು.

೭

ಈಗ ನಾವು ಆರಂಭದ ಪ್ರಶ್ನೆಗೆ ಮರಳಬಹುದು. ಇಷ್ಟು ಕಾಲ ಹಿಡಿದುದೇಕೆ? ಉಪಕರಣಗಳ ಕೊರತೆ ಒಂದು ಕಾರಣವೆಂಬುದು ನಿಜ. ಆದರೆ ಅದೊಂದೇ ಅಲ್ಲ. ಸ್ಪೈಕ್ ಎಂಬುದು ನಾಲ್ಕು ಜೀವಿಗಳ ಸಂಬಂಧದಿಂದ ಹುಟ್ಟಿದ ರೋಗ: ನೆರೆಯ ಗಿಡಗಳ ರಸವನ್ನು ಕುಡಿಯುವ ಗಂಧ, ಅದಕ್ಕೆ ಆಸರೆಯಾದ ಗಿಡಗಳು, ಗಂಧದ ರಸವನ್ನು ಕುಡಿಯುವ ಜಿಗಿಹುಳು, ಆ ರಸದಲ್ಲಿಯೇ ಬಾಳುವ ರೋಗಾಣು. ಅರಣ್ಯಾಧಿಕಾರಿಯು ಕಾಡನ್ನು ಕಂಡನು. ಸಸ್ಯವಿಜ್ಞಾನಿ ಬೇರನ್ನು, ಕೋಲ್ಮನ್ ಕಸಿಯನ್ನು, ಕೀಟವಿಜ್ಞಾನಿ ಹುಳುವನ್ನು, ಸೂಕ್ಷ್ಮದರ್ಶಕದವನು ರೋಗಾಣುವನ್ನು ಕಂಡನು. ಇವರಲ್ಲಿ ಒಬ್ಬನನ್ನೇ ಕಾರಣವನ್ನು ಕಂಡುಹಿಡಿದವನೆಂದು ಕರೆಯುವುದು ಸಾಧ್ಯವಿಲ್ಲ. ೧೯೦೭ರ ಬಹುಮಾನವು ಕೇಳಿದ ಪ್ರಶ್ನೆಯ ರೂಪವೇ ರೋಗದ ಸ್ವರೂಪಕ್ಕೆ ಹೊಂದುವಂಥದಾಗಿರಲಿಲ್ಲ.

ಕಾರಣ ತಿಳಿದೊಡನೆ ಮದ್ದು ದೊರೆಯುವುದೆಂಬ ನಂಬಿಕೆಯೂ ಈಡೇರಲಿಲ್ಲ. ಟೆಟ್ರಸೈಕ್ಲಿನ್ ವರ್ಗದ ಔಷಧವನ್ನು ಕಾಂಡಕ್ಕೆ ಸೇರಿಸಿದರೆ ಲಕ್ಷಣಗಳು ಕೆಲಕಾಲ ಇಳಿದು ಮತ್ತೆ ತಲೆಯೆತ್ತುತ್ತವೆ; ಕಾಡಿನ ಮರಗಳಿಗೆಲ್ಲ ಹೀಗೆ ಚಿಕಿತ್ಸೆ ಮಾಡುವುದು ಆಗದ ಮಾತು. ರೋಗಿಷ್ಠ ಮರವನ್ನು ಬೇಗ ಗುರುತಿಸಿ ತೆಗೆಯುವುದು, ರೋಗವಿಲ್ಲದ ಸಸಿಗಳನ್ನು ನೆಡುವುದು, ಇವೇ ಇಂದಿಗೂ ಉಳಿದಿರುವ ಮುಖ್ಯ ಉಪಾಯಗಳು. ಮರವನ್ನು ಬೇಗ ಗುರುತಿಸಬೇಕಾದರೆ ಅದರ ಬಳಿ ದಿನವೂ ಓಡಾಡುವವನಿಗೆ ಅದರಲ್ಲಿ ಆಸ್ಥೆ ಇರಬೇಕು. ತನ್ನ ಹೊಲದ ಬದುವಿನಲ್ಲಿ ಹುಟ್ಟಿದ ಗಂಧದ ಸಸಿಯು ಸರ್ಕಾರದ ಸ್ವತ್ತೆಂಬ ಕಾರಣದಿಂದ ಅದನ್ನು ತೊಂದರೆಯೆಂದು ಬಗೆದ ರೈತನಿಂದ ಆ ಆಸ್ಥೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಕರ್ನಾಟಕದಲ್ಲಿ ೨೦೦೧ರ ಅರಣ್ಯ ಕಾನೂನಿನ ತಿದ್ದುಪಡಿಯಿಂದ ತನ್ನ ಜಮೀನಿನಲ್ಲಿರುವ ಗಂಧಕ್ಕೆ ಭೂಮಾಲಿಕನೇ ಒಡೆಯನೆಂದು ಆಯಿತು. ರಾಜವೃಕ್ಷದ ಎರಡು ಶತಮಾನಗಳ ಪದ್ಧತಿ ಹೀಗೆ ಸಡಿಲವಾಯಿತು.

ಅಂದಿನಿಂದ ನಾಡಿನ ಹಲವು ಕಡೆ ಒಣಭೂಮಿಯ ರೈತರು ಗಂಧವನ್ನು ಬೆಳೆಯಾಗಿಯೇ ನೆಡುತ್ತಿದ್ದಾರೆ. ಮೊದಮೊದಲ ಆಸರೆಗೆ ತೊಗರಿಯನ್ನು ಜೊತೆಯಲ್ಲಿ ಬಿತ್ತುವ ಪದ್ಧತಿಯೂ ಇದೆ. ಕಾಡಿನಲ್ಲಿ ಚದರಿಹೋಗಿದ್ದ ಮರವು ಹೊಲದಲ್ಲಿ ಸಾಲುಸಾಲಾಗಿ ನಿಲ್ಲುವಾಗ, ಜಿಗಿಹುಳುವಿಗೆ ಒಂದು ಮರದಿಂದ ಮತ್ತೊಂದಕ್ಕೆ ಒಂದೇ ನೆಗೆತದ ದೂರ. ಮಳೆನೆಚ್ಚಿದ ಸೀಮೆಯ ರೈತನು ಹದಿನೈದು ಇಪ್ಪತ್ತು ವರ್ಷ ಕಾಯಬೇಕಾದ ಬೆಳೆಯ ಮೇಲೆ ತನ್ನ ನೆಲವನ್ನು ಒಡ್ಡುವಾಗ, ಕುಶಾಲನಗರದ ಕಾಡುಗಳಲ್ಲಿ ನಡೆದುದು ಅವನಿಗೆ ತಿಳಿದಿರುವುದು ಅಗತ್ಯ. ಹತ್ತಿಯ ಎಲೆಯನ್ನು ಮಗುಚಿ ಜಿಗಿಹುಳುವನ್ನು ನೋಡುವ ಕಣ್ಣು ಅವನಿಗೆ ಈಗಾಗಲೇ ಉಂಟು. ಗಂಧದ ಕೊಂಬೆಯ ತುದಿಯಲ್ಲಿ ಎಲೆ ಕಿರಿದಾಗುವುದನ್ನೂ, ಸೆಟೆದು ನಿಲ್ಲುವುದನ್ನೂ ಗುರುತಿಸುವುದು ಅದೇ ಕಣ್ಣಿಗೆ ಕಷ್ಟವಾಗಲಾರದು. ಈ ಸಂಗತಿಗಳು ವರದಿಗಳಿಂದ ಕನ್ನಡಕ್ಕೆ ಇಳಿದು, ಕಾಲೇಜಿನ ಪಾಠದ ಮೂಲಕ ಅವನ ಹೊಲವನ್ನು ಮುಟ್ಟಬೇಕಾದುದು ಇನ್ನು ಮುಂದಿನ ಕೆಲಸ.